ಯಾರ ಬೆರಳು ಓದಿತು

ಕಟ್ಟಿನ ದಾರ ಕತ್ತರಿಸಿ ಮೇಲಿನ ಪುಸ್ತಕವನ್ನು ಮೇಜಿನ ಮೇಲಿಟ್ಟು, ಮುದ್ರಣಾಲಯದ ಯಂತ್ರ ನಡೆಸುವ ಮಿಷನ್ ಮಾಮ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತ. ಅಂಧ ಮಕ್ಕಳ ಶಾಲೆಗೆ ಕಳಿಸಿದ್ದ ಅರವತ್ತು ಬ್ರೈಲ್ ಭೂಗೋಳ ಪುಸ್ತಕಗಳು ಅರವತ್ತೂ ವಾಪಸು ಬಂದಿದ್ದವು. ಜೊತೆಗೆ ಒಂದು ಪುಟ್ಟ ಪತ್ರ. 'ಒಂಬತ್ತು ಪುಟಗಳಲ್ಲಿ ಕೊನೆಯ ಸಾಲು ನಮ್ಮ ಮಕ್ಕಳ ಬೆರಳಿಗೆ ಸಿಗುತ್ತಿಲ್ಲ. ದಯವಿಟ್ಟು ನೋಡಿ.'

"ನೋಡಿ ಅಂತ ಬರ್ದಿದಾರೆ," ಅಂದ ಮಾಮ. "ನೋಡಿದ್ರೆ ಚೆನ್ನಾಗೇ ಕಾಣುತ್ತೆ. ಅದೇ ತೊಂದ್ರೆ."

ಕರಡು ತಿದ್ದುವ ಅಣ್ಣ ಕನ್ನಡಕ ಏರಿಸಿ ನೋಡಿದ. ನದಿಗಳ ಪಾಠ. ಪುಟದ ಬುಡದಲ್ಲಿ ಕೊನೆಯ ಸಾಲು ಇತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಚುಕ್ಕೆಗಳ ನೆರಳೂ ಇತ್ತು. ಬೆರಳು ಸವರಿದರೆ ಮಾತ್ರ ಬರೀ ಕಾಗದ. ಪುಟಕ್ಕೆ ಇಪ್ಪತ್ತಾರು ಸಾಲು ಇರಬೇಕಾದಲ್ಲಿ ಇಪ್ಪತ್ತೇಳು ಬಿದ್ದಿದ್ದವು. ಯಂತ್ರದ ಮೊಳೆಗಳು ಕಾಗದದ ಅಂಚಿನಲ್ಲಿ ಒತ್ತಿದಂತೆ ಮಾಡಿ ಒತ್ತದೆ ಬಿಟ್ಟಿದ್ದವು.

"ಇದನ್ನ ಕೊನೇಲಿ ನೋಡಿದ್ಯಾರು?" ಎಂದು ಕೇಳಿದರು ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಣ್ಣನಿಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು.

"ನಾನು," ಅಂದ.

"ಬೆರಳಿಂದ ಓದ್ಸಿದ್ರಾ?"

ಅಣ್ಣ ಪುಸ್ತಕ ಮುಚ್ಚಿದ. "ಇಲ್ಲ."

ಅವನು ಆ ಮುದ್ರಣಾಲಯದಲ್ಲಿ ಯಾರಿಗೂ ಅಣ್ಣನಲ್ಲ, ತಂಗಿಯೊಬ್ಬಳಿಗೇ ಅಣ್ಣ. ಆದರೆ ಅವಳು ಮೂವತ್ತೊಂದು ವರ್ಷ ಈ ಕೋಣೆಯಿಂದ ಆ ಕೋಣೆಗೆ ಕೇಳುವಂತೆ 'ಅಣ್ಣಾ' ಎಂದು ಕೂಗಿ ಕೂಗಿ, ಎಲ್ಲರಿಗೂ ಅದೇ ಹೆಸರು ಅಭ್ಯಾಸವಾಗಿಹೋಗಿತ್ತು. ತಂಗಿ ಹುಟ್ಟು ಕುರುಡಿ. ಅಣ್ಣ ಕಣ್ಣಿನಿಂದ ತಿದ್ದುವವನು, ಅವಳು ಬೆರಳಿನಿಂದ ತಿದ್ದುವವಳು. ಚುಕ್ಕೆಗಳ ಅಕ್ಷರ ಅವನಿಗೆ ಚೆನ್ನಾಗಿ ಗೊತ್ತು, ಕಣ್ಣಿಗೆ ಮಾತ್ರ. "ಅಣ್ಣಾ, ನೀನು ಓದೋದು ಊಟದ ಫೋಟೋ ನೋಡಿ ಹೊಟ್ಟೆ ತುಂಬಿಸ್ಕೊಂಡ ಹಾಗೆ," ಎಂದು ಅವಳು ನಗುತ್ತಿದ್ದಳು. ಬೆರಳು ಬೆವರಬಾರದೆಂದು ಪಕ್ಕದಲ್ಲೊಂದು ಪೌಡರಿನ ಡಬ್ಬಿ ಇಟ್ಟುಕೊಂಡಿದ್ದಳು. ಅವಳು ಮುಟ್ಟಿದ್ದಕ್ಕೆಲ್ಲ ಪೌಡರು. ಸಂಜೆ ಬೈದುಕೊಂಡು ಕೀಬೋರ್ಡ್ ಒರೆಸುವುದು ಅಣ್ಣನ ಪಾಲಿನ ಕೆಲಸವಾಗಿತ್ತು.

ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಕಾಪಾಡುವುದಕ್ಕೆ ಒಂದು ತಂತ್ರಾಂಶ ಇತ್ತು. ಯಾರು, ಯಾವತ್ತು, ಏನು ತಿದ್ದಿದರು ಎಂಬುದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತಿತ್ತು. ಪುಸ್ತಕಗಳಿರುವ ಜಾಗಕ್ಕೆ ರೆಪಾಸಿಟರಿ ಎಂದು ಹೆಸರು. ಮುದ್ರಣಾಲಯದವರ ಬಾಯಲ್ಲಿ ಅದು ಪೆಟ್ಟಿಗೆ. ತಿದ್ದಿದ್ದನ್ನು ಪೆಟ್ಟಿಗೆಗೆ ಹಾಕಲು ಹೊರಟಾಗಲೆಲ್ಲ ಪರದೆಯ ಮೇಲೆ ಒಂದು ಪ್ರಶ್ನೆ ಬರುವಂತೆ ತಂಗಿ ಹಠ ಮಾಡಿ ಮಾಡಿಸಿದ್ದಳು. ಮಾತೂ ಅವಳದೇ: 'ಇದನ್ನು ಯಾರ ಬೆರಳು ಓದಿತು? ಸುಳ್ಳು ಹೇಳಬೇಡಿ. ದೇವರು ನೋಡುತ್ತಿದ್ದಾನೆ, ನಾನೂ.' ಕೆಳಗೆ ಹೆಸರು ಬರೆಯಬೇಕು. ಒಂದು ಪ್ರತಿ ಅಚ್ಚು ಹಾಕಿ, ಬೆರಳಿನಿಂದ ಓದಿಸದೆ ಅಲ್ಲಿ ಹೆಸರು ಬರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಏಳು ತಿಂಗಳ ಹಿಂದೆ ತಂಗಿ ತೀರಿಕೊಂಡಳು. ಹದಿನೈದು ದಿನ ಬಿಟ್ಟು ಅಣ್ಣ ಕೆಲಸಕ್ಕೆ ಬಂದ. ಎಂದಿನಂತೆ ಕಣ್ಣು ಮುಚ್ಚಿ ದೇವರನ್ನು ನೆನೆದು ಕೂತ. ಮೊದಲ ಪುಸ್ತಕ ತಿದ್ದಿ ಪೆಟ್ಟಿಗೆಗೆ ಹಾಕಿದಾಗ ಪ್ರಶ್ನೆ ಬರಲಿಲ್ಲ. ಖಾಲಿ ಜಾಗ, ಮಿಣುಕುವ ಗೆರೆ, ಅಷ್ಟೆ. ಮರುದಿನವೂ ಬರಲಿಲ್ಲ. ಅವಳ ಕುರ್ಚಿಯನ್ನು ಕಿಟಕಿಯ ಬಳಿಗೆ ಸರಿಸಿದ್ದರು, ಅವಳ ಕೋಟಿನ ಮೊಳೆಗೆ ಯಾರೋ ಕೊಡೆ ನೇತುಹಾಕಿದ್ದರು. ಹಾಗೆಯೇ ಇದನ್ನೂ ತೆಗೆದುಬಿಟ್ಟಿದ್ದಾರೆ ಎಂದುಕೊಂಡ. ಯಾರನ್ನೂ ಕೇಳಲಿಲ್ಲ. ಕೇಳಿ, ಅವರು ಹೌದು ಅಂದರೆ? ಪೌಡರಿನ ಡಬ್ಬಿಯನ್ನು ತನ್ನ ಡ್ರಾಯರಿಗೆ ಹಾಕಿ ಬೀಗ ಜಡಿದ. ಪ್ರಶ್ನೆ ಬೇಡವಾದವರಿಗೆ ಉತ್ತರ ಯಾಕೆ ಎಂಬ ಮುನಿಸಿನಲ್ಲಿ ಯಾರ ಬೆರಳಿನಿಂದಲೂ ಓದಿಸದೆ ಬಿಟ್ಟುಬಿಟ್ಟ.

ಆ ಮುನಿಸಿನ ಫಲ ಈಗ ಅರವತ್ತು ಪ್ರತಿಗಳಾಗಿ ಮೇಜಿನ ಮೇಲೆ ಕೂತಿತ್ತು.

ಮ್ಯಾನೇಜರಮ್ಮ ಕಂಪ್ಯೂಟರಮ್ಮನನ್ನು ಕರೆಸಿದರು. ಅವಳು ವಾರಕ್ಕೆರಡು ದಿನ ಬಂದು ಯಂತ್ರಗಳ ತಂಟೆ ತಕರಾರು ನೋಡುವವಳು. ಇಬ್ಬರು ಮಕ್ಕಳ ತಾಯಿ, ಚೀಲದಲ್ಲಿ ಯಾವಾಗಲೂ ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಅಣ್ಣನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, "ಏನಣ್ಣಾ, ಬೆರಳಿನ ಪ್ರಶ್ನೆಗೆ ಯಾರ ಹೆಸರು ಹಾಕಿದ್ರಿ?" ಎಂದಳು.

"ಪ್ರಶ್ನೆ ಎಲ್ಲಿದೆ? ನೀನೇ ತೆಗ್ದು ಹಾಕಿದ್ಯಲ್ಲ."

ಅವಳು ಬಿಸ್ಕತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿದಳು. "ನಾನಾ? ಆ ಪ್ರಶ್ನೆ ತೆಗೆಯೋಕೆ ನನಗೇನು ತಲೆ ಕೆಟ್ಟಿದ್ಯಾ? ಕನಸಲ್ಲಿ ಬಂದು ಕಿವಿ ಹಿಂಡ್ತಾರೆ."

"ಏಳು ತಿಂಗಳಿಂದ ಒಂದು ದಿನವೂ ಬಂದಿಲ್ಲ."

"ಏಳು ತಿಂಗಳು ಸುಮ್ನೆ ಕೂತಿದ್ರಾ?"

ಅವಳು ಬಿಸ್ಕತ್ತು ಕೆಳಗಿಟ್ಟು ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. ದೊಡ್ಡ ಪೆಟ್ಟಿಗೆಯ ಸೆಟ್ಟಿಂಗ್ ತೆರೆದಳು. ಸಣ್ಣ ಅಕ್ಷರದ ಹತ್ತು ಹನ್ನೆರಡು ಸಾಲುಗಳ ನಡುವೆ ಬೆರಳಿಟ್ಟು ತೋರಿಸಿದಳು. ಆ ಸಾಲು ಹೇಳುತ್ತಿದ್ದ ಫೈಲನ್ನು ತೆರೆದಳು.

'ದೇವರು ನೋಡುತ್ತಿದ್ದಾನೆ, ನಾನೂ.'

ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಮತ್ತೆ ಹಾಕಿಕೊಂಡು ಓದಿದ. ಮತ್ತೊಮ್ಮೆ ಒರೆಸಿದ.

"ಇಲ್ಲೇ ಇತ್ತು ಅಣ್ಣಾ. ಯಾರೂ ಮುಟ್ಟಿಲ್ಲ."

"ಮತ್ತೆ ನನ್ನ ಯಾಕೆ ಕೇಳ್ಲಿಲ್ಲ?"

ಅವಳಿಗೆ ಹೊಳೆಯಲು ಅರ್ಧ ಗಂಟೆ ಹಿಡಿಯಿತು. ಹೊಳೆದಾಗ ಹಣೆ ಚಚ್ಚಿಕೊಂಡಳು. ಮೊದಲು ಎಲ್ಲ ಪುಸ್ತಕಗಳೂ ಒಂದೇ ಪೆಟ್ಟಿಗೆಯಲ್ಲಿದ್ದವು. ಬೇರೆ ಬೇರೆ ಕಡೆಯಿಂದ ಬೆರಳಚ್ಚು ಮಾಡಿ ಕಳಿಸುವವರು ಹೆಚ್ಚಾಗಿ, ಒಬ್ಬರ ಕೆಲಸ ಇನ್ನೊಬ್ಬರ ಕಾಲಿಗೆ ತೊಡರತೊಡಗಿದ್ದರಿಂದ, ಅವಳು ಪ್ರತಿ ಪುಸ್ತಕಕ್ಕೂ ಒಂದೊಂದು ಚಿಕ್ಕ ಪೆಟ್ಟಿಗೆ ಮಾಡಿ, ನಲವತ್ತೊಂದನ್ನೂ ದೊಡ್ಡದರೊಳಗೆ ಕೂರಿಸಿದ್ದಳು. ಆ ಕೆಲಸ ನಡೆದದ್ದು ಅಣ್ಣ ರಜೆಯಲ್ಲಿದ್ದ ಆ ಹದಿನೈದು ದಿನಗಳಲ್ಲಿ.

"ದೊಡ್ಡ ಪೆಟ್ಟಿಗೆಗೆ ಹೇಳಿದ್ದು ಒಳಗಿನ ಚಿಕ್ಕವಕ್ಕೆ ಕೇಳಿಸೋದೇ ಇಲ್ಲ ಅಣ್ಣಾ. ಒಂದೊಂದಕ್ಕೂ ಅದರದೇ ಸೆಟ್ಟಿಂಗು, ಅದರದೇ ಸಂಸಾರ. ತಾಯಿಗೆ ಹೇಳಿದ್ರೆ ಮಕ್ಕಳಿಗೂ ಹೇಳಿದ ಹಾಗೆ ಅಂತ ನಾನು ಅಂದ್ಕೊಂಡೆ. ನನ್ನ ಬುದ್ಧಿಗಿಷ್ಟು."

"ನಿನ್ನ ಮನೇಲಿ ಮಕ್ಕಳಿಗೆ ಕೇಳಿಸುತ್ತಾ?"

"ಅಲ್ಲೂ ಇಲ್ಲ. ಅದಕ್ಕೇ ಗೊತ್ತಾಗ್ಬೇಕಿತ್ತು ನನಗೆ."

ಏಳು ತಿಂಗಳಲ್ಲಿ ಮೊದಲ ಸಲ ಅಣ್ಣನಿಗೆ ಆ ಕೋಣೆಯಲ್ಲಿ ನಗು ಬಂತು. ತಂಗಿಯ ಮಾತನ್ನು ಯಾರೋ ಅಳಿಸಿದರೆಂದು ಅಷ್ಟು ದಿನ ಎದೆಯಲ್ಲಿ ಕಲ್ಲಿಟ್ಟುಕೊಂಡಿದ್ದ. ಅವಳೋ ಹೊರಗಿನ ಬಾಗಿಲಲ್ಲಿ ನಿಂತು ಅದೇ ಪ್ರಶ್ನೆ ಕೇಳುತ್ತಲೇ ಇದ್ದಳು. ಇವನು ಒಳಕೋಣೆಯಲ್ಲಿ ಮುನಿಸಿಕೊಂಡು ಕೂತಿದ್ದ. ದೇವರೇ, ನನ್ನನ್ನು ಕ್ಷಮಿಸು ಅಂದುಕೊಂಡ ಮನಸ್ಸಿನಲ್ಲೇ.

"ಇಡೀ ಕಂಪ್ಯೂಟರಿಗೇ ಒಂದು ಸಲ ಹೇಳಿಬಿಟ್ರೆ?" ಎಂದು ಕೇಳಿದ.

"ಹೇಳ್ಬಹುದು. ಆಮೇಲೆ ಆಫೀಸಿನ ಪತ್ರಗಳ ಪೆಟ್ಟಿಗೆಯೂ ಕೇಳುತ್ತೆ. ನಲ್ಲಿ ಸೋರ್ತಿದೆ ಅಂತ ಮ್ಯಾನೇಜರಮ್ಮ ದೂರು ಬರೆದ್ರೂ, ಯಾರ ಬೆರಳು ಓದಿತು, ಸುಳ್ಳು ಹೇಳಬೇಡಿ ಅನ್ನುತ್ತೆ."

"ಅನ್ಲಿ ಬಿಡು," ಅಂದ ಮಾಮ ಆ ಕಡೆಯಿಂದ. "ನಲ್ಲಿಯವನಿಗೂ ಸ್ವಲ್ಪ ಭಯ ಇರುತ್ತೆ."

ಕಂಪ್ಯೂಟರಮ್ಮ ಬೇರೆ ದಾರಿ ಹಿಡಿದಳು. ಎಲ್ಲರಿಗೂ ಬೇಕಾದ ಸೆಟ್ಟಿಂಗುಗಳನ್ನು ಒಂದೇ ಫೈಲಿನಲ್ಲಿ ಬರೆದು ದೊಡ್ಡ ಪೆಟ್ಟಿಗೆಯಲ್ಲಿಟ್ಟಳು. ಅದರ ಹೆಸರು 'ಎಲ್ಲರಿಗೂ'. ಇನ್ನು ಒಂದೊಂದು ಚಿಕ್ಕ ಪೆಟ್ಟಿಗೆಗೂ ಒಂದೇ ಸಾಲು ಹೇಳಿದರೆ ಸಾಕು: ಹೋಗಿ ಆ ಫೈಲ್ ನೋಡು. ನಾಳೆ ಪ್ರಶ್ನೆಯ ಮಾತು ಬದಲಾದರೆ ಒಂದು ಕಡೆ ಬದಲಿಸಿದರಾಯಿತು.

"ಮಾತು ಬದಲಾಗಲ್ಲ," ಅಂದ ಅಣ್ಣ.

"ಆಗಲ್ಲ. ಮಾತಿಗೆ ಹೇಳ್ದೆ."

ಒಂದೇ ಆಜ್ಞೆಗೆ ನಲವತ್ತೊಂದೂ ಪೆಟ್ಟಿಗೆಗಳ ಹೆಸರು ಸರಸರನೆ ಪರದೆಯ ಮೇಲೆ ಹಾದುಹೋದವು. ಭೂಗೋಳ, ಗಣಿತ ಒಂದು, ಗಣಿತ ಎರಡು, ಹೊಲಿಗೆ, ಹಕ್ಕಿಗಳು, ಪ್ರಾರ್ಥನೆಗಳು. ಅಣ್ಣ ಒಂದೊಂದನ್ನೂ ತುಟಿಯಲ್ಲೇ ಓದಿಕೊಂಡ. ಆಮೇಲೆ ಅವಳು ಒಂದೊಂದರ ಬಾಗಿಲು ತಟ್ಟಿ ನೋಡಿದಳು. ನಲವತ್ತರಲ್ಲಿ ಪ್ರಶ್ನೆ ಬಂತು. 'ಪುಟಾಣಿ ಕಥೆಗಳು' ಮಾತ್ರ ಬಾಯಿ ಬಿಡಲಿಲ್ಲ.

"ಇದೊಂದು ಹಠಮಾರಿ," ಎಂದು ಅದರ ಸೆಟ್ಟಿಂಗ್ ತೆರೆದಳು. "ನೋಡಿ, 'ಎಲ್ಲರಿಗೂ' ಫೈಲಿನ ಸಾಲು ಇದರಲ್ಲಿ ಮೇಲೆ ಹೋಗಿ ಕೂತಿದೆ. ಅದರ ಕೆಳಗೆ ಖಾಲಿ ಪ್ರಶ್ನೆಯ ಸಾಲೊಂದಿದೆ, ಯಾವತ್ತೋ ಪರೀಕ್ಷೆಗೆ ಅಂತ ನಾನೇ ಹಾಕಿದ್ದು. ಒಂದೇ ವಿಷಯಕ್ಕೆ ಎರಡು ಮಾತು ಇದ್ರೆ ಕೊನೆಗೆ ಬಂದದ್ದೇ ಗೆಲ್ಲೋದು."

"ಹಾಗಿದ್ರೆ ಅವಳದನ್ನ ಕೊನೆಗೆ ಹಾಕು," ಅಂದ ಅಣ್ಣ. "ಹುಟ್ಟಿದಾಗಿಂದ ಕೊನೇ ಮಾತು ಅವಳದೇ."

ಅವಳು ಸಾಲನ್ನು ಕೆಳಗಿಳಿಸಿದಳು. ಪುಟಾಣಿ ಕಥೆಗಳೂ ಬಾಯಿ ಬಿಟ್ಟವು.

ಹೊರಡುವ ಮುಂಚೆ ಅವಳು ಗೋಡೆಗೆ ಒಂದು ಚೀಟಿ ಅಂಟಿಸಿದಳು: ಹೊಸ ಪೆಟ್ಟಿಗೆ ಮಾಡಿದಾಗ 'ಎಲ್ಲರಿಗೂ' ಫೈಲಿನ ಸಾಲು ಸೇರಿಸುವುದನ್ನು ಮರೆಯಬೇಡಿ. ಬಿಸ್ಕತ್ತಿನ ಪೊಟ್ಟಣವನ್ನು ಅಣ್ಣನ ಮೇಜಿನ ಮೇಲೇ ಬಿಟ್ಟುಹೋದಳು.

ಭೂಗೋಳವನ್ನು ತಿದ್ದುವುದೇನೂ ದೊಡ್ಡ ಕೆಲಸವಾಗಿರಲಿಲ್ಲ. ಮರುದಿನ ಮಧ್ಯಾಹ್ನದೊಳಗೆ ಸಾಲುಗಳು ಇಪ್ಪತ್ತಾರಕ್ಕೆ ಇಳಿದವು, ಮಾಮ ಒಂದು ಪರೀಕ್ಷಾ ಪ್ರತಿ ಒತ್ತಿ ಕೊಟ್ಟ. ಉಳಿದದ್ದು ಪ್ರಶ್ನೆಯೊಂದೇ.

"ಶಾಲೆಯ ಮೇಡಂಗೆ ಪೋಸ್ಟಲ್ಲಿ ಕಳಿಸೋಣ," ಎಂದರು ಮ್ಯಾನೇಜರಮ್ಮ. "ಅವರ ಬೆರಳು ಓದಲಿ. ಒಂದು ವಾರ ಆಗುತ್ತೆ."

"ಮಕ್ಕಳು ಆಗ್ಲೇ ಪುಸ್ತಕ ಇಲ್ದೆ ಕೂತಿದಾರೆ. ನಾನು ಓದ್ತೀನಿ."

"ನಿಮಗೆ ಬೆರಳಲ್ಲಿ ಬರುತ್ತಾ?"

"ಬರಲ್ಲ," ಅಂದ ಅಣ್ಣ. "ಚುಕ್ಕೆ ಗೊತ್ತು. ಬೆರಳಿಗೆ ಹೇಳ್ಕೊಡ್ಬೇಕು ಅಷ್ಟೆ."

ಡ್ರಾಯರಿನ ಬೀಗ ತೆಗೆದು ಪೌಡರಿನ ಡಬ್ಬಿಯನ್ನು ಮೇಲಿಟ್ಟ. ಕಿಟಕಿಯ ಬಳಿಯಿದ್ದ ಕುರ್ಚಿಯನ್ನು ಎಳೆದು ತಂದು ಅದರಲ್ಲೇ ಕೂತ. ಬಲಗೈಯ ತೋರುಬೆರಳಿಗೆ ಪೌಡರು ಹಚ್ಚಿ, ಕಣ್ಣು ಮುಚ್ಚಿದ. ಮೊದಲ ಸಾಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಎಲ್ಲ ಚುಕ್ಕೆಗಳೂ ಒಂದೇ ರಾಗಿ ರಾಶಿಯಂತೆ ಬೆರಳಡಿ ಉರುಳಿದವು. ಎರಡು ಸಲ ಕಣ್ಣು ತೆರೆದು ಕದ್ದು ನೋಡಿದ. ಎರಡು ಸಲವೂ ಮಾಮ ಕೆಮ್ಮಿದ.

"ನೋಡ್ತಿಲ್ಲ ಕಣೋ."

"ನಾನೇನಾದ್ರೂ ಅಂದ್ನಾ?"

ಎರಡನೆಯ ದಿನ ಅಕ್ಷರಗಳು ಒಂದೊಂದಾಗಿ ಬೇರೆಯಾದವು. ಪದಗಳು ಬಂದವು. ಮೂರನೆಯ ದಿನ, ನದಿಗಳ ಪಾಠದಲ್ಲಿ, ನೀರು ಬೆಟ್ಟದಿಂದ ಇಳಿದು ಬಯಲಿಗೆ ಬರುವ ವಾಕ್ಯವೊಂದು ನಿಲ್ಲದೆ ಪೂರ್ತಿ ಅವನ ಬೆರಳಿನಡಿ ಹರಿಯಿತು. ಅಣ್ಣ ಅದನ್ನೇ ಮತ್ತೆ ಓದಿದ, ತಪ್ಪು ಹುಡುಕಲಿಕ್ಕಲ್ಲ. ತಂಗಿ ಓದುತ್ತ ಓದುತ್ತ ಕೆಲವು ಸಲ ತನ್ನಷ್ಟಕ್ಕೆ ತಲೆದೂಗುತ್ತಿದ್ದಳು. ಏನೇ ಅದು ಎಂದರೆ, "ನಿನಗೆ ಕಾಣಲ್ಲ ಬಿಡು," ಅನ್ನುತ್ತಿದ್ದಳು. ಆ ಒಂಬತ್ತು ಪುಟಗಳಲ್ಲೂ ಕೊನೆಯ ಸಾಲಿಗೆ ಬಂದಾಗ ಅವನ ಬೆರಳು ಹೆದರಿ ನಿಧಾನವಾಯಿತು. ಒಂಬತ್ತರಲ್ಲೂ ಸಾಲು ಅಲ್ಲಿತ್ತು, ಗಟ್ಟಿಯಾಗಿ.

ನಾಲ್ಕನೆಯ ದಿನದ ಸಂಜೆ ಪುಸ್ತಕ ಮುಗಿಯಿತು. ಅಣ್ಣ ಕಂಪ್ಯೂಟರಿನ ಮುಂದೆ ಕೂತು ಭೂಗೋಳವನ್ನು ಪೆಟ್ಟಿಗೆಗೆ ಹಾಕಲು ಹೊರಟ. ಪ್ರಶ್ನೆ ಬಂತು. ಅದನ್ನು ಕೊನೆಯವರೆಗೂ ಓದಿದ. ಆಮೇಲೆ ಕೆಳಗೆ ಬರೆದ: 'ಅಣ್ಣನದು. ನಿಧಾನ.'

ಮಾಮ ಯಂತ್ರ ಶುರು ಮಾಡಿದ. ಅರವತ್ತು ಪ್ರತಿಗಳ ಮೊದಲ ಹಾಳೆ ಗಡಗಡನೆ ಹೊರಬಂತು. ಅಣ್ಣ ಅಭ್ಯಾಸಬಲದಿಂದ ಒರೆಸುವ ಬಟ್ಟೆ ಕೈಗೆತ್ತಿಕೊಂಡ. ಕೀಬೋರ್ಡಿನ ಮೇಲೆ, ತನ್ನ ಹೆಸರಿನ ಅಕ್ಷರಗಳ ಮೇಲೆಲ್ಲ, ಪೌಡರಿನ ಬಿಳಿ ಗುರುತು. ಬಟ್ಟೆಯನ್ನು ನಾಲ್ಕಾಗಿ ಮಡಿಸಿ, ಅದು ಇದ್ದಲ್ಲೇ ಇಟ್ಟು, ತನ್ನ ಮೇಜಿನ ದೀಪ ಆರಿಸಿದ.