ಕಪಾಟಿನ ಬೆನ್ನು, ಕಾರಿನ ಹೊಟ್ಟೆ

ಅಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ದಿನವೆಂದರೆ ಪಾಲಿಶಣ್ಣನ ಮನೆಯಲ್ಲಿ ಬೆಳಗಿನಿಂದಲೇ ಓಡಾಟ. ಆಸ್ಪತ್ರೆ ಇದ್ದದ್ದು ಬೆಟ್ಟದ ಆಚೆಯ ಊರಿನಲ್ಲಿ. ಹೋಗುವಾಗ ಬಸ್ಸು, ಬರುವಾಗ ಯಾವುದು ಸಿಕ್ಕರೆ ಅದು. ಅಮ್ಮನಿಗೆ ಮೊದಲೇ ಸೊಂಟ ನೋವು. ಡಯಾಲಿಸಿಸ್ ಮುಗಿಸಿ ಬರುವಾಗಲಂತೂ ಹಿಂಡಿದ ಬಟ್ಟೆಯ ಹಾಗಾಗಿರುತ್ತಿದ್ದಳು.

ಮಗನಿಗೆ ಹಳೆಯ ಮರದ ಸಾಮಾನುಗಳಿಗೆ ಪಾಲಿಶ್ ಹಾಕುವ ಕೆಲಸ. ಬೀದಿಯವರಿಗೆಲ್ಲ ಅವನು ಪಾಲಿಶಣ್ಣ. ಮುತ್ತಜ್ಜಿ ಕಾಲದ ಕಪಾಟನ್ನು ಅವನ ಕೈಗೆ ಕೊಟ್ಟರೆ ಮದುಮಗಳ ಹಾಗೆ ವಾಪಸ್ ಬರುತ್ತಿತ್ತು.

ಒಂದು ಸಲ ಬಸ್ಸು ಕೈಕೊಟ್ಟಾಗ ಅವನ ಗಿರಾಕಿಯೊಬ್ಬರು ತಮ್ಮ ದೊಡ್ಡ ಎಸ್‌ಯುವಿಯಲ್ಲಿ ಇಬ್ಬರನ್ನೂ ಮನೆ ಮುಟ್ಟಿಸಿದರು. ಅಮ್ಮ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದವಳು ಬಾಗಿಲ ಮುಂದೆ ಬಂದಾಗಲೇ ಕಣ್ಣು ಬಿಟ್ಟದ್ದು. "ಮನೆ ಇಷ್ಟು ಬೇಗ ಬಂತಾ?" ಎಂದು ಕೇಳಿದಳು. ಆ ಒಂದು ಮಾತು ಪಾಲಿಶಣ್ಣನ ಎದೆಯಲ್ಲಿ ಕೂತುಬಿಟ್ಟಿತು.

ಅವತ್ತಿನಿಂದ ಅವನು ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಹುಡುಕತೊಡಗಿದ. ಹೊಸ ಸಣ್ಣ ಕಾರಿನ ಬೆಲೆಗೆ ಹಳೆಯ ದೊಡ್ಡ ಕಾರು ಸಿಗುತ್ತದೆ ಎಂದು ತಿಳಿದು ಹಿರಿಹಿರಿ ಹಿಗ್ಗಿದ. ಕೊನೆಗೆ ಒಂದನ್ನು ನೋಡಿಯೂ ಬಂದ. ಬಿಸಿಲಿಗೆ ನಿಂತಿದ್ದ ಕಪ್ಪು ಕಾರಿನ ಮೈಮೇಲೆ ಅಂಗೈ ಸವರಿದಾಗ ಅವನ ಮನಸ್ಸೇ ಕರಗಿಹೋಯಿತು. ಹೊಳಪು ಎಂದರೆ ಏನು ಎಂದು ಗೊತ್ತಿದ್ದವನು ತಾನೇ. ಮೈಯನ್ನು ಇಷ್ಟು ಚೆನ್ನಾಗಿ ಇಟ್ಟುಕೊಂಡವರು ಎಂಜಿನ್ ಕೆಡಿಸಿಕೊಂಡಿರುತ್ತಾರಾ ಎಂದುಕೊಂಡ.

ಆ ಸಂಜೆ ಅಂಗಡಿಗೆ ಗೇರಕ್ಕ ಬಂದಳು. ಪಕ್ಕದ ಬೀದಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವಳು. ಪಾಲಿಶಣ್ಣನೂ ಸೇರಿದಂತೆ ಊರಿನ ಅರ್ಧ ಜನಕ್ಕೆ ಗೇರು ಹಾಕಲು ಕಲಿಸಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಆ ಸ್ಕೂಲಿಗೆ ಬೇಕಾದ ಕಾರುಗಳನ್ನೆಲ್ಲ ಅವಳು ಸೆಕೆಂಡ್ ಹ್ಯಾಂಡಿನಲ್ಲೇ ಕೊಳ್ಳುತ್ತಿದ್ದಳು. ಪಾಲಿಶ್‌ಗೆ ಕೊಟ್ಟಿದ್ದ ಮೇಜು ಆಯಿತೇ ಎಂದು ನೋಡಲು ಬಂದಿದ್ದಳು.

"ಏನಪ್ಪಾ, ಮೇಜಿಗಿಂತ ನಿನ್ನ ಮುಖಾನೇ ಜಾಸ್ತಿ ಹೊಳೀತಿದೆ?"

"ಗಾಡಿ ನೋಡಿ ಬಂದೆ ಅಕ್ಕ. ದೊಡ್ಡ ಎಸ್‌ಯುವಿ, ಚರ್ಮದ ಸೀಟು. ಅಮ್ಮ ಆರಾಮಾಗಿ ಮಲಗಬಹುದು. ನಾಳೆ ಬೆಳಗ್ಗೆ ಹೋಗಿ ಅಡ್ವಾನ್ಸ್ ಕೊಟ್ಟುಬಿಡ್ತೀನಿ."

"ಏನೇನು ನೋಡಿದೆ?"

"ಎಲ್ಲಾ ನೋಡಿದೆ. ಒಂದು ಗೀರಿಲ್ಲ. ಬಾಗಿಲಲ್ಲಿ ನನ್ನ ಮುಖ ಕಾಣಿಸ್ತಿತ್ತು."

"ಮುಖ ನೋಡ್ಕೊಳ್ಳೋಕೆ ಕನ್ನಡಿ ಸಾಕಲ್ಲಪ್ಪ, ಕಾರ್ ಯಾಕೆ?"

ಒಳಗೆ ಮರ ಉಜ್ಜುತ್ತಿದ್ದ ಅವನ ಹೆಂಡತಿ ಕಿಸಕ್ಕನೆ ನಕ್ಕಳು. ಪಾಲಿಶಣ್ಣನಿಗೆ ಸ್ವಲ್ಪ ಸಿಟ್ಟು ಬಂತು.

"ದೊಡ್ಡ ಕಂಪನಿ ಗಾಡಿ ಅಕ್ಕ. ಅಂಥವೆಲ್ಲ ಸುಮ್‌ಸುಮ್ನೆ ಕೆಡಲ್ಲ."

"ಕೆಡುತ್ತೆ. ಕೆಟ್ಟರೆ ದೊಡ್ಡದಾಗೇ ಕೆಡುತ್ತೆ. ಗಾಡಿ ಹಳೇದಾದ್ರೆ ಗಾಡಿ ಬೆಲೆ ಇಳಿಯುತ್ತೆ, ಬಿಡಿಭಾಗದ ಬೆಲೆ ಇಳಿಯಲ್ಲ. ಆನೆ ಅಗ್ಗಕ್ಕೆ ಸಿಕ್ತು ಅಂತ ಮನೆಗೆ ತಂದ್ರೆ, ಅದು ಮೇಕೆ ತಿಂದಷ್ಟೇ ತಿನ್ನುತ್ತಾ?"

"ಎಲ್ಲದಕ್ಕೂ ಅನುಮಾನ ಪಡ್ತಾ ಕೂತ್ರೆ ಏನೂ ಕೊಳ್ಳೋಕಾಗಲ್ಲ ಬಿಡಿ."

ಗೇರಕ್ಕ ಸ್ಟೂಲು ಎಳೆದುಕೊಂಡು ಕೂತಳು. "ಸರಿ, ಗಾಡಿ ಮಾತು ಬಿಡೋಣ. ಹಳೇ ಕಪಾಟು ಕೊಳ್ಳೋಕೆ ಹೋದಾಗ ನೀನು ಮೊದಲು ಎಲ್ಲಿ ನೋಡ್ತೀಯ?"

"ಬೆನ್ನು ನೋಡ್ತೀನಿ. ಗೋಡೆಗೆ ಆನಿಸಿ ಇಟ್ಟಿರ್ತಾರಲ್ಲ, ಅದನ್ನ ಈಚೆಗೆ ಎಳೆಸ್ತೀನಿ. ಆಮೇಲೆ ಬಗ್ಗಿ ಕೆಳಗಡೆ ನೋಡ್ತೀನಿ. ಮುಂದೆ ಯಾರು ಬೇಕಾದ್ರೂ ಪಾಲಿಶ್ ಹೊಡೀತಾರೆ ಅಕ್ಕ. ಹುಳ ಇರೋದು..."

"ಹೇಳಿ, ಹೇಳಿ," ಎಂದಳು ಹೆಂಡತಿ. "ಹುಳ ಎಲ್ಲಿರೋದು?"

ಮೇಲೆ ಥಳುಕು, ಒಳಗೆ ಹುಳುಕು ಎನ್ನುವ ಗಾದೆಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದವನು ಅವನೇ. ಈಗ ತಲೆ ಕೆರೆದುಕೊಂಡ.

ಗೇರಕ್ಕ ದನಿ ತಗ್ಗಿಸಿದಳು. "ಬೆಟ್ಟದ ತಿರುವಲ್ಲಿ ಗಾಡಿ ನಿಂತರೆ ನಾನು, ನೀನು ಆದ್ರೆ ಇಳಿದು ನಡೀತೀವಿ. ನಿಮ್ಮಮ್ಮ ನಡೀತಾರಾ? ಒಂದು ಡಯಾಲಿಸಿಸ್ ತಪ್ಪಿದ್ರೆ ಏನಾಗುತ್ತೆ ಅಂತ ನಿನಗೆ ನಾನು ಹೇಳಬೇಕಾ?"

ಹೇಳಬೇಕಿರಲಿಲ್ಲ. ಹಿಂದೊಮ್ಮೆ ರಸ್ತೆ ಮುಚ್ಚಿ ಒಂದು ಸರದಿ ತಪ್ಪಿದಾಗ ಅಮ್ಮ ಮಲಗಲಾರದೆ, ಗೋಡೆಗೆ ಒರಗಿ ಕೂತು ಉಸಿರಿಗಾಗಿ ಒದ್ದಾಡಿದ್ದು ಅವನ ಕಣ್ಣಿಗೆ ಕಟ್ಟಿದ ಹಾಗಿತ್ತು. "ನಾಳೆ ನೀವೂ ಬನ್ನಿ ಅಕ್ಕ," ಎಂದ.

ಮರುದಿನ ಬೆಳಗ್ಗೆ ಇಬ್ಬರೂ ಹೋದರು. ಮಾರುವವನು ನಗುನಗುತ್ತಾ ಬಂದ. ಗೇರಕ್ಕ ಮೊದಲು ಬಾನೆಟ್ ಮೇಲೆ ಕೈಯಿಟ್ಟಳು. ಅದು ಬೆಚ್ಚಗಿತ್ತು.

"ನೀವು ಬರ್ತೀರಂತ ಸ್ಟಾರ್ಟ್ ಮಾಡಿ ಇಟ್ಟಿದ್ದೆ," ಎಂದ ಅವನು.

"ಅಯ್ಯೋ, ಯಾಕೆ ತೊಂದರೆ ತಗೊಂಡ್ರಿ? ತಣ್ಣಗಿರೋ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತೆ, ಹೊಗೆ ಬರುತ್ತಾ, ಸದ್ದು ಬರುತ್ತಾ ಅಂತ ನೋಡೋಕೇ ಬಂದಿದ್ವಿ. ಬಿಸಿ ಎಂಜಿನ್ ತನ್ನ ಕಾಯಿಲೆ ಹೇಳ್ಕೊಳ್ಳಲ್ಲ."

ಅಷ್ಟರಲ್ಲಿ ಪಾಲಿಶಣ್ಣ ಗೋಣಿಚೀಲ ಹಾಸಿ, ಕಪಾಟಿನ ಬೆನ್ನು ನೋಡುವ ತನ್ನ ಸಣ್ಣ ಟಾರ್ಚ್ ಹಿಡಿದು ಕಾರಿನಡಿಗೆ ತೂರಿದ್ದ. ಕೆಳಗೆ ಎಲ್ಲವೂ ಕಪ್ಪಗೆ ಮಿರುಗುತ್ತಿತ್ತು. ಆದರೆ ಅವನ ಮೂಗಿಗೆ ಬಡಿದ ಬಣ್ಣದ ವಾಸನೆ ಹಳೆಯದಲ್ಲ. ಬಣ್ಣ ಬಳಿದು ಹೆಚ್ಚು ದಿನವಾಗಿರಲಿಲ್ಲ. ಉಗುರಿನಿಂದ ಕೆರೆದ. ಬಣ್ಣ ಹಪ್ಪಳೆಯಾಗಿ ಎದ್ದು ಬಂತು, ಅದರಡಿ ಕೆಂಪು ತುಕ್ಕು. ತುಕ್ಕನ್ನು ಉಜ್ಜಿ ತೆಗೆಯದೆ ಮೇಲೆಯೇ ಬಳಿದಿದ್ದರು. ತನ್ನ ಅಂಗಡಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವರಿಗೆ ಅವತ್ತು ಮಂಗಳಾರತಿಯೇ.

ಅವನು ಹೊರಗೆ ಬಂದಾಗ ಗೇರಕ್ಕ, "ಹಿಂದಿನ ಸೀಟ್ ಬೆಲ್ಟ್ ಪೂರ್ತಿ ಎಳಿ," ಎಂದಳು. ಎಳೆದ. ಬೆಲ್ಟಿನ ಬುಡದಲ್ಲಿ ಕಂದು ಬಣ್ಣದ ಅಡ್ಡಗೆರೆ ಇತ್ತು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಅಡಿಯಲ್ಲಿ ನುಣ್ಣನೆಯ ಒಣಗಿದ ಕೆಸರು.

"ಬೆಲ್ಟಿಗೆ ಚಹಾ ಚೆಲ್ಲಿತ್ತು," ಎಂದ ಮಾರುವವನು.

"ಸ್ಟೆಪ್ನಿ ತನಕ ಹೋಗೋಷ್ಟು ಚಹಾನಾ?" ಎಂದಳು ಗೇರಕ್ಕ. ಆಮೇಲೆ ಪಾಲಿಶಣ್ಣನ ಕಡೆ ತಿರುಗಿದಳು. "ಇದು ನೆರೆ ನೀರಲ್ಲಿ ಮುಳುಗಿದ್ದ ಗಾಡಿ. ವೈರುಗಳು ಒಳಗೊಳಗೇ ಕೊಳೀತವೆ. ಇವತ್ತು ಓಡುತ್ತೆ, ನಾಳೆನೂ ಓಡಬಹುದು. ಯಾವತ್ತು, ಎಲ್ಲಿ ನಿಲ್ಲುತ್ತೆ ಅಂತ ಯಾರೂ ಹೇಳೋಕಾಗಲ್ಲ."

ವಾಪಸ್ ಬರುವಾಗ ಪಾಲಿಶಣ್ಣನಿಗೆ ಬೇಸರವೂ ಆಗಿತ್ತು, ಯಾರೋ ಬಾವಿಯ ಕಟ್ಟೆಯಿಂದ ಹಿಂದಕ್ಕೆಳೆದ ಹಾಗೂ ಆಗಿತ್ತು. ಅಮ್ಮನಿಗೆ ಹೇಳಿದಾಗ ಅವಳು ಮಗನ ತಲೆ ನೇವರಿಸಿ, "ಚೆಂದ ಇಲ್ಲದಿದ್ರೂ ಪರವಾಗಿಲ್ಲ ಕಣೋ, ನನ್ನನ್ನ ದಾರೀಲಿ ಬಿಡದೆ ಇರೋ ಗಾಡಿ ತಾ," ಎಂದಳು.

ಮುಂದೆ ಸಿಕ್ಕದ್ದು ನಿವೃತ್ತಿಯಾದ ದನದ ಡಾಕ್ಟರಮ್ಮನ ಎಸ್‌ಯುವಿ. ಹೊಳಪು ಮಾಸಿತ್ತು. ಹಿಂದಿನ ಬಾಗಿಲ ಮೇಲೆ ಉದ್ದಕ್ಕೆ ಒಂದು ಗೀರು. "ಅದು ಒಂದು ಹೋರಿ ನನಗೆ ಕೊಟ್ಟ ಫೀಸು," ಎಂದು ಡಾಕ್ಟರಮ್ಮ ನಕ್ಕರು. ಎ.ಸಿ. ಮಂದ ಎಂದೂ ಅವರೇ ಹೇಳಿದರು.

ಈ ಸಲ ಪಾಲಿಶಣ್ಣ ಆತುರಪಡಲಿಲ್ಲ. ಹೊಟ್ಟೆ ನೋಡಿದ, ಬೆಲ್ಟ್ ಎಳೆದ. ಮೀಟರ್ ತೋರಿಸುವ ಕಿಲೋಮೀಟರಿಗೂ ಬ್ರೇಕ್ ಪೆಡಲ್ ಸವೆದದ್ದಕ್ಕೂ ತಾಳೆಯಾಗುತ್ತದೆಯೇ ಎಂದು ನೋಡಿದ. ಚಾಸಿ ನಂಬರ್ ಕೊಟ್ಟು ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಹಳೆಯ ರಿಪೇರಿಗಳನ್ನು ವಿಚಾರಿಸಿದ. ಗೇರಕ್ಕ ಇನ್ನೊಂದು ಮಾತು ಸೇರಿಸಿದಳು. "ಇಂಥ ಕೆಲವು ಗಾಡಿ ಸ್ಪ್ರಿಂಗ್ ಬದಲು ಗಾಳಿ ತುಂಬಿದ ಚೀಲಗಳ ಮೇಲೆ ನಿಂತಿರ್ತವೆ. ಸಂಜೆ ನಿಲ್ಲಿಸಿದ್ದನ್ನ ಬೆಳಗ್ಗೆ ನೋಡು. ಒಂದು ಮೂಲೆ ಕುಸಿದಿದ್ರೆ ಗಾಳಿ ಸೋರ್ತಿದೆ ಅಂತ. ಅದರ ರಿಪೇರಿ ಕೈ ಸುಡುತ್ತೆ." ಬೆಳಗ್ಗೆ ನೋಡಿದರೆ ಕಾರು ನಾಲ್ಕೂ ಕಾಲಿನ ಮೇಲೆ ನೆಟ್ಟಗೆ ನಿಂತಿತ್ತು. ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಆಮೇಲೆ ತಮಗೆ ಗುರುತಿದ್ದ ಗ್ಯಾರೇಜಿಗೆ ಒಯ್ದರು. ಮೆಕ್ಯಾನಿಕ್ ಕಾರನ್ನು ಮೇಲೆತ್ತಿ ನೋಡಿದ, ಕಂಪ್ಯೂಟರ್ ಸಿಕ್ಕಿಸಿ ನೋಡಿದ, ಬೆಟ್ಟದ ರಸ್ತೆಯಲ್ಲಿ ಓಡಿಸಿಯೂ ನೋಡಿದ. ಗೇರ್‌ಬಾಕ್ಸ್ ಹತ್ತಿರ ಸ್ವಲ್ಪ ಆಯಿಲ್ ಸೋರುತ್ತಿತ್ತು.

"ಹಾಗಾದ್ರೆ ಬೇಡ್ವಾ?" ಎಂದು ಕೇಳಿದ ಪಾಲಿಶಣ್ಣ.

"ಬೇಡ ಅಂತಲ್ಲ ಅಣ್ಣ. ತೊಂದರೆ ಇಲ್ಲದ ಹಳೇ ಗಾಡಿ ಇರಲ್ಲ. ಇದರ ತೊಂದರೆ ಏನು ಅಂತ ನಮಗೆ ಗೊತ್ತಾಯ್ತಲ್ಲ, ಅದೇ ಭಾಗ್ಯ. ಸೋರೋದನ್ನ ಸರಿ ಮಾಡಿಸಿ ತಗೊಳ್ಳಿ. ತಿಂಗಳು ತಿಂಗಳು ರಿಪೇರಿಗೆ ಅಂತ ಸ್ವಲ್ಪ ಎತ್ತಿಡಿ," ಎಂದ ಮೆಕ್ಯಾನಿಕ್.

ಡಾಕ್ಟರಮ್ಮ ಆ ಸೋರಿಕೆಯನ್ನು ತಾವೇ ಸರಿ ಮಾಡಿಸಿ ಕೊಟ್ಟರು.

ಆ ಕಾರಿನಲ್ಲಿ ಮೊದಲ ಸಲ ಆಸ್ಪತ್ರೆಯಿಂದ ಬರುವಾಗ ಬೆಟ್ಟದ ಮೇಲೆ ಮಳೆ ಹಿಡಿಯಿತು. ತಿರುವುಗಳಲ್ಲಿ ಪಾಲಿಶಣ್ಣ ಉಸಿರು ಬಿಗಿಹಿಡಿದು ಓಡಿಸಿದ. ಕಾರು ಒಂದೇ ಸಮನೆ ಹತ್ತಿತು, ಒಂದೇ ಸಮನೆ ಇಳಿಯಿತು. ಮನೆಯ ಮುಂದೆ ನಿಲ್ಲಿಸಿದಾಗ ಹಿಂದಿನಿಂದ ನಿದ್ದೆಗಣ್ಣಿನ ದನಿ ಕೇಳಿತು.

"ಮನೆ ಇಷ್ಟು ಬೇಗ ಬಂತಾ?"

ಅವನು ಇಳಿದು, ಹಿಂದಿನ ಬಾಗಿಲು ತೆರೆದು ಅಮ್ಮನ ಕೈ ಹಿಡಿದ.

ಮರುದಿನ ಮೇಜನ್ನು ಗೇರಕ್ಕನ ಡ್ರೈವಿಂಗ್ ಸ್ಕೂಲಿಗೆ ಅವನೇ ಹೊತ್ತುಕೊಂಡು ಹೋದ. ಅವಳು ಪರ್ಸ್ ತೆಗೆದಳು.

"ಬೇಡ ಅಕ್ಕ. ಇದಕ್ಕೆ ದುಡ್ಡು ತಗೊಂಡ್ರೆ ಅಮ್ಮ ನನ್ನನ್ನ ಮನೆ ಒಳಗೆ ಸೇರಿಸಲ್ಲ. ನೀವು ಅವತ್ತು ಆ ಸ್ಟೂಲ್ ಎಳ್ಕೊಂಡು ಕೂರದೆ ಇದ್ದಿದ್ರೆ..." ಎಂದು ಕೈಮುಗಿದ.

"ಕಾರಿನಡಿಗೆ ತೂರಿದ್ದು ನೀನು, ಮೂಗು ನಿಂದು," ಎಂದಳು ಗೇರಕ್ಕ. ಆದರೂ ಮೇಜಿನ ಬೆನ್ನು ಒಮ್ಮೆ ಬಗ್ಗಿ ನೋಡಿಯೇ ಒಳಗೆ ಇಡಿಸಿದಳು.

ಬಿಡುವಾದಾಗ ಪಾಲಿಶಣ್ಣ ಹೋರಿಯ ಗೀರನ್ನು ಮಾಯ ಮಾಡಲು ಡಬ್ಬಿ, ಬಟ್ಟೆ ಹಿಡಿದು ಕಾರಿನ ಹತ್ತಿರ ಬಂದ. ಜಗುಲಿಯಲ್ಲಿ ಕೂತಿದ್ದ ಅಮ್ಮ ತಡೆದಳು.

"ಅದನ್ನ ಹಾಗೇ ಬಿಡೋ. ಆಸ್ಪತ್ರೆ ಗೇಟಲ್ಲಿ ಅಷ್ಟೊಂದು ಕಾರು ನಿಂತಿರ್ತವೆ. ನಮ್ಮದು ಯಾವುದು ಅಂತ ನನಗೆ ಗುರುತು ಸಿಗೋದೇ ಅದರಿಂದ."

ಅವನು ಡಬ್ಬಿಯ ಮುಚ್ಚಳ ಹಾಕಿದ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಹಳೆಯ ದೊಡ್ಡ ಗಾಡಿ ಕೊಳ್ಳುವ ಆಸೆ ಇಟ್ಟುಕೊಂಡಿದ್ದರೆ ಖಂಡಿತ ಕೊಳ್ಳಿ, ಆಸೆ ತಪ್ಪಲ್ಲ. ಆದರೆ ಅಡ್ವಾನ್ಸ್ ಕೊಡುವ ಮೊದಲು ಎಂಜಿನ್ ತಣ್ಣಗಿರುವಾಗ ಹೋಗಿ ನೋಡಿ. ಗೊತ್ತಿರುವವರನ್ನು ಜೊತೆಗೆ ಕರೆದೊಯ್ಯಿರಿ. ಮಾರುವವರು ಹೇಳಿದ ಗ್ಯಾರೇಜಿಗಲ್ಲ, ನಿಮಗೆ ನಂಬಿಕೆಯಿರುವ ಗ್ಯಾರೇಜಿಗೆ ತೋರಿಸಿ. ತೋರಿಸಲು ಅವರು ಒಪ್ಪದಿದ್ದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಹೊಳೆಯುವ ಬಾಗಿಲಲ್ಲಿ ನಿಮ್ಮ ಮುಖ ಕಂಡಾಗ, ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾ ಮನೆ ಸೇರಬೇಕಾದವರ ಮುಖ ನೆನೆಸಿಕೊಳ್ಳಿ. ಆಮೇಲೆ ಬಗ್ಗಿ, ಕಾರಿನ ಹೊಟ್ಟೆ ನೋಡಿ.