ಕಾಲ್ಮರಿ ಹೊರಗೆ

ಬೆಳಗಾವಿಯಿಂದ ಬಂದ ಲಕೋಟೆಯನ್ನು ಪ್ರಿನ್ಸಿಪಾಲರು ಒಡೆದು ಓದಿದರು, ಮಡಚಿದರು, ಮತ್ತೆ ಬಿಚ್ಚಿ ಓದಿದರು. ಆಮೇಲೆ ಕಾದ ಹಂಚನ್ನು ಕೈಬಿಡುವವರ ಹಾಗೆ ಅದನ್ನು ಶ್ರೀಪಾಲ ಸರ್ ಮುಂದಕ್ಕೆ ತಳ್ಳಿಬಿಟ್ಟರು. ಇಡೀ ಅಥಣಿಯಲ್ಲಿ ಇಂಥ ತಲೆನೋವಿಗೆಂದೇ ಹುಟ್ಟಿದವರು ಶ್ರೀಪಾಲ ಸರ್ ಒಬ್ಬರೇ ನೋಡಿ! ಗ್ಯಾದರಿಂಗಿಗೆ ಹಾರ ತರಲು ಅವರು, ಹುಡುಗರ ಬಡಿದಾಟ ಬಿಡಿಸಲು ಅವರು, ಈಗ ಇದಕ್ಕೂ ಅವರೇ. ಕಾಗವಾಡದ ಕಡೆಯ ಈ ಇತಿಹಾಸದ ಮೇಷ್ಟ್ರ ನೌಕರಿ ಕಾಯಂ ಆಗಿ ವರ್ಷವೂ ತುಂಬಿರಲಿಲ್ಲ. 'ಒಲ್ಲೆ' ಅನ್ನುವ ಮಾತು ಅವರ ಬಾಯಿಗೆ ಇನ್ನೂ ಬಂದಿರಲಿಲ್ಲ.

ತೊಂಬತ್ತೇಳರ ಆಗಸ್ಟ್ ಅದು. ಅಂಗವಿಕಲರಿಗಾಗಿ ದಿಲ್ಲಿಯಲ್ಲಿ ಹೊಸ ಕಾಯ್ದೆ ಆಗಿದೆ ಎಂದು ಪತ್ರಿಕೆಯ ಮೂಲೆಯಲ್ಲೆಲ್ಲೋ ಬಂದದ್ದನ್ನು ಕಾಲೇಜಿನವರೆಲ್ಲ ಓದಿ ಮರೆತಿದ್ದರು. ಮರೆಯದವಳು ಒಬ್ಬಳಿದ್ದಳು. ಬಿ.ಎ. ಕೊನೆಯ ವರ್ಷದ ಶೇವಂತಾ. ಚಪ್ಪಲಿ ಮಾಡುವ ಸತ್ತೆಪ್ಪನ ಮಗಳು. ಮೂರು ವರ್ಷದವಳಿದ್ದಾಗ ಪೋಲಿಯೋ ಎರಡೂ ಕಾಲಿನ ಶಕ್ತಿಯನ್ನು ಕಿತ್ತುಕೊಂಡು ಹೋಗಿತ್ತು. ತೊಡೆಯಿಂದ ಹಿಮ್ಮಡದವರೆಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್, ತುದಿಗೆ ಬೂಟು, ಕಂಕುಳಲ್ಲಿ ಎರಡು ಊರುಗೋಲು. ಇವಿಷ್ಟೂ ಮೈಮೇಲಿದ್ದರೆ ಆಕೆ ನಿಲ್ಲುತ್ತಾಳೆ, ನಡೆಯುತ್ತಾಳೆ.

ಅವಳು ಬೆಳಗಾವಿಯ ಅಂಗವಿಕಲರ ಕಚೇರಿಗೆ ಬರೆದ ಅರ್ಜಿಯಲ್ಲಿ ಅಳುವೂ ಇರಲಿಲ್ಲ, ಬೈಗುಳವೂ ಇರಲಿಲ್ಲ. ವರ್ಗ ಎರಡನೇ ಮಹಡಿಯ ಮೇಲಿದೆ. ಮೆಟ್ಟಿಲು ಮೂವತ್ತೆಂಟು. ಎರಡು ವರ್ಷ ಅವ್ವ ಬೆನ್ನ ಮೇಲೆ ಹೊತ್ತು ಏರಿಸಿದಳು, ಈ ವರ್ಷ ಅವ್ವನ ನಡ ಹೋಗಿದೆ. ದಿನಾ ಕಾಲೇಜಿಗೆ ಬಂದು ಮೆಟ್ಟಿಲ ಬುಡದಲ್ಲಿ ಕೂರುತ್ತೇನೆ, ಹಾಜರಿಯಲ್ಲಿ ಗೈರು ಬೀಳುತ್ತದೆ. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ವರ್ಗವನ್ನು ಕೆಳಗೆ ತರಬೇಕೆಂದು ಮೂರು ಸಲ ಕೇಳಿದ್ದೇನೆ, ಯಾರೂ ಉತ್ತರ ಕೊಟ್ಟಿಲ್ಲ. ಇಷ್ಟೇ ಅರ್ಜಿ. ಅದರ ಮೇಲೆ ಬೆಳಗಾವಿಯವರ ಒಂದು ಸಾಲು: ತಕರಾರನ್ನು ಬಗೆಹರಿಸಿ ನಿಕಾಲಿ ಮಾಡಿ, ಅರ್ಜಿದಾರಳ ಸಹಿಯೊಂದಿಗೆ ವರದಿ ಕಳಿಸುವುದು.

ಶ್ರೀಪಾಲ ಸರ್ ಕೆಳಗಿಳಿದು ಬಂದಾಗ ಅವಳು ಮೆಟ್ಟಿಲ ಬುಡದ ಕಲ್ಲಿನ ಮೇಲೆಯೇ ಕೂತಿದ್ದಳು. ಮೇಲಿನಿಂದ ಅರ್ಧಂಬರ್ಧ ಕೇಳಿಬರುವ ಪಾಠವನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು.

"ಅಲ್ಲವಾ ಶೇವಂತಾ, ಸೀದಾ ಬೆಳಗಾವಿಗೇ ಬರಿಯೂದೇನು? ನಮ್ಮ ಮುಂದ ಹೇಳಿದ್ರ ಆಗ್ತಿರಲಿಲ್ಲೇನು?"

"ಹೇಳೇನಲ್ರಿ ಸರ. ಮೂರ ಸರತೆ ಹೇಳೇನಿ. ನೀವೂ ಇದ್ರಿ ಒಂದ ಸರತೆ."

ಹೌದು, ಇದ್ದರು. ಸ್ಟಾಫ್ ರೂಮಿನಲ್ಲಿ ಅವಲಕ್ಕಿ ತಿನ್ನುತ್ತಿದ್ದರು. ಶ್ರೀಪಾಲ ಸರ್ ಕೆಮ್ಮಿದರು.

"ಈಗ ನಿನಗೇನು ಬೇಕು ಹೇಳು."

"ಕೆಳಗ ಒಂದು ಖೋಲಿ ಕೊಡ್ರಿ. ಬ್ಯಾರೆ ಏನೂ ಬ್ಯಾಡ್ರಿ. ಪಾಸಾಗೂದ ನಾ ನೋಡಕೋತೀನಿ."

ಕೆಳಗೆ ಖೋಲಿಗಳಿರಲಿಲ್ಲವೇ? ಇದ್ದವು. ಆಫೀಸು, ಲೈಬ್ರರಿ, ನಳ ಜೋಡಿಸಿದ ಪ್ರಯೋಗಶಾಲೆ, ಲೇಡೀಸ್ ರೂಮು, ಚೇರಮನ್ನರ ಕೋಣೆ. ಎಲ್ಲಕ್ಕೂ ದೊಡ್ಡದು, ಗಾಳಿ ಬೆಳಕು ಇದ್ದದ್ದು, ಹಿರಿಯರ ಖೋಲಿ. ಕಾಲೇಜು ಕಟ್ಟಿಸಿದ ಹಿರಿಯ ಸಾಹೇಬರು ತೀರಿಕೊಂಡ ಮೇಲೆ ಮಗ ಬಾಬಾಸಾಹೇಬರು ಚೇರಮನ್ ಆದರು. ತಂದೆ ಕೂರುತ್ತಿದ್ದ ಕುರ್ಚಿಯನ್ನು ಅಲ್ಲಿಟ್ಟು ಬಿಳಿ ಬಟ್ಟೆ ಹೊದಿಸಿ, ಗೋಡೆಗೆ ಆಳೆತ್ತರದ ಫೋಟೋ ಹಾಕಿ, ಅದರ ಕೆಳಗೆ ಒಂದು ಮಣೆಯ ಮೇಲೆ ತಂದೆಯ ಚಪ್ಪಲಿಗಳನ್ನಿಟ್ಟರು. ಪ್ರತಿ ಸೋಮವಾರ ಅವಕ್ಕೆ ಹೂವು, ಊದಿನಕಡ್ಡಿ. ಬಾಗಿಲ ಮೇಲೆ 'ಕಾಲ್ಮರಿ ಹೊರಗೆ ಬಿಡಿರಿ' ಎಂಬ ಬೋರ್ಡು, ಚಪ್ಪಲಿ ಬೂಟು ಏನೂ ಒಳಗೆ ಬರಕೂಡದು. ಐವತ್ತು ಜನ ಕೂರುವ ಜಾಗದಲ್ಲಿ ಎಂಟು ವರ್ಷದಿಂದ ಖಾಲಿ ಕುರ್ಚಿ ಒಂದೇ ಕೂತಿತ್ತು!

ಅದನ್ನು ಕೇಳಲು ಎದೆ ಬೇಕಿತ್ತು. ಶ್ರೀಪಾಲ ಸರ್‌ಗೆ ಆ ದಿನ ಅದು ಎಲ್ಲಿಂದ ಬಂತೋ, ಚೇರಮನ್ನರ ಮುಂದೆ ನಿಂತು ಕೇಳಿಯೇಬಿಟ್ಟರು. ಬೈದು ಅಟ್ಟುತ್ತಾರೆ ಎಂದುಕೊಂಡಿದ್ದರು. ಬಾಬಾಸಾಹೇಬರ ಕಣ್ಣಲ್ಲಿ ನೀರು ಬಂತು.

"ತಗೋರಿ ಸರ. ನಮ್ಮ ಅಪ್ಪಾರು ಕಾಲೇಜ ಕಟ್ಟಿದ್ದಾದ್ರೂ ಯಾರ ಸಲುವಾಗಿ? ಬಡವರ ಸಲುವಾಗಿ. ನಾಳಿಂದಾನ ವರ್ಗ ಅಲ್ಲೇ ತಗೋರಿ. ಕಾಲ್ಮರಿ ಒಂದ ಹೊರಗ ಇರ್ಲಿ. ಅಷ್ಟ ಪಾಲಿಸ್ರಿ ಸಾಕು."

"ಹೌದ್ರಿ ಹೌದ್ರಿ, ಅದೇನ ದೊಡ್ಡ ಮಾತ್ರಿ," ಎಂದರು ಶ್ರೀಪಾಲ ಸರ್. ಬಸದಿಯ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ಬೆಳೆದ ಮನುಷ್ಯ, ಅದರಲ್ಲಿ ಅವರಿಗೆ ಹೊಸದೇನೂ ಕಾಣಲಿಲ್ಲ. ಖುಷಿಯಿಂದ ಅವರಿಗೆ ನೆಲವೇ ಕಾಣುತ್ತಿರಲಿಲ್ಲ. ಮೆಟ್ಟಿಲ ಬುಡಕ್ಕೆ ಬಂದವರೇ ಗೆದ್ದವರ ಹಾಗೆ ಸುದ್ದಿ ಹೇಳಿದರು. ಹುಡುಗಿಯ ಮುಖ ಒಮ್ಮೆ ಅರಳಿತು. ಆಮೇಲೆ ಅವಳು ತನ್ನ ಕಾಲು ನೋಡಿಕೊಂಡಳು.

"ಸರ, ನನ್ನ ಬೂಟೂ ಬಿಡಬೇಕೇನ್ರಿ?"

ಅಯ್ಯೋ ಶಿವನೇ! ಆ ಮಾತು ಕೇಳಿದಾಗಲಾದರೂ ಆ ಮನುಷ್ಯ ತಿರುಗಿ ಚೇರಮನ್ನರ ಹತ್ತಿರ ಓಡಬೇಕಿತ್ತು. ಬೂಟು ಕ್ಯಾಲಿಪರಿಗೆ ಜಡಿದದ್ದು. ಬೂಟು ಬಿಡುವುದೆಂದರೆ ಕಬ್ಬಿಣವನ್ನೂ ಬಿಡುವುದು. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೂ ಸಿಕ್ಕ ಖೋಲಿ ಎಲ್ಲಿ ಕೈತಪ್ಪುತ್ತದೋ ಎಂಬ ಭಯ.

"ಎಲ್ಲಾರಿಗೂ ಒಂದ ನಿಯಮ ಐತೆವಾ. ಬಾಗಲದಾಗಿಂದ ಬೆಂಚಿಗೆ ನಾಕ ಹೆಜ್ಜಿ. ಸಾವರಿಸ್ಕೋ."

"ನೋಡೂಣ್ರಿ," ಎಂದಳು ಶೇವಂತಾ.

ಕ್ಯಾಲಿಪರಿನ ಪಟ್ಟಿಗಳು ತೊಡೆಯ ಮೇಲೆ, ಲಂಗದ ಒಳಗೆ. ಹುಡುಗರ ಎದುರು ಬಾಗಿಲಲ್ಲಿ ಕೂತು ಬಿಚ್ಚಲು ಬರುತ್ತದೆಯೇ? ಮರುದಿನ ಅವಳು ವರಾಂಡದ ಆ ತುದಿಯ ಲೇಡೀಸ್ ರೂಮಿನಲ್ಲಿ ಎಲ್ಲ ಬಿಚ್ಚಿಟ್ಟಳು. ವಹಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಅಂಗೈ ಊರಿ, ಹಿಂದೆ ಕಾಲನ್ನು ಎಳೆದುಕೊಳ್ಳುತ್ತ ಆ ಉದ್ದ ವರಾಂಡವನ್ನು ದಾಟಿ ಬಂದಳು. ಶ್ರೀಪಾಲ ಸರ್ ಕೈಯಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದರು. ನಲವತ್ತೇಳು ಮಕ್ಕಳು ತಿರುಗಿ ನೋಡಿದರು. ಒಬ್ಬಳು ಎದ್ದು ಎತ್ತಲು ಹೋದಾಗ ಶೇವಂತಾ ತಲೆ ಅಲ್ಲಾಡಿಸಿದಳು. ಬೆಂಚಿನ ಕಾಲು ಹಿಡಿದು ತಾನೇ ಏರಿ ಕೂತು, ಹಲ್ಲಿನ ಗುರುತು ಬಿದ್ದ ವಹಿಯನ್ನು ಬಿಚ್ಚಿದಳು.

"ಶೇವಂತಾ ಸತ್ತೆಪ್ಪ," ಎಂದರು ಸರ್.

"ಹಾಜರ್ರಿ."

ಆ ವರ್ಷದ ಅವಳ ಮೊದಲ ಹಾಜರಿ ಅದು. ಆ ದಿನ ತಾವೇನು ಪಾಠ ಮಾಡಿದೆವೆಂಬುದು ಶ್ರೀಪಾಲ ಸರ್‌ಗೇ ನೆನಪಿಲ್ಲ. ಮನೆಗೆ ಹೋಗಿ ಊಟ ಬಿಟ್ಟರು. ಎರಡನೇ ದಿನ ಅರ್ಧ ಉಂಡರು. ವಾರದ ಹೊತ್ತಿಗೆ ಪೂರ್ತಿ ಉಣ್ಣುತ್ತಿದ್ದರು. ಮನುಷ್ಯ ರೂಢಿ ಮಾಡಿಕೊಳ್ಳದ್ದು ಯಾವುದಿದೆ ಹೇಳಿ! ಹುಡುಗರೂ ರೂಢಿ ಮಾಡಿಕೊಂಡರು. ಅವಳು ಬರುವಾಗ ದಾರಿ ಬಿಟ್ಟು ನಿಲ್ಲುತ್ತಿದ್ದರು, ಅಷ್ಟೇ.

ಸೆಪ್ಟೆಂಬರಿನಲ್ಲಿ ಸತ್ತೆಪ್ಪ ಬಂದ. ಕಂಕುಳಲ್ಲಿ ಒಂದು ಗಂಟು, ಅದರಲ್ಲಿ ದಪ್ಪ ಬಿಳಿ ಬಟ್ಟೆಯಲ್ಲಿ ಹೊಲಿದ ಎರಡು ಚೀಲ, ಬೂಟಿನ ಅಳತೆಗೆ ಸರಿಯಾಗಿ. ಸರ್ ಟೇಬಲ್ಲಿನ ಮೇಲೆ ಇಡಲು ಹಿಂಜರಿದು ಕೈಯಲ್ಲೇ ಹಿಡಿದು ತೋರಿಸಿದ.

"ಇವನ್ನ ಬೂಟಿನ ಮ್ಯಾಲೆ ಹಾಕಿದ್ರ ತಳದ ಧೂಳ ಒಳಗ ಬರಂಗಿಲ್ರಿ. ಹೊಸಾ ಅರಿವಿ ಐತಿ. ಅಕಿ ಅಂಗೈ ನೋಡೀರೇನ್ರಿ ಸರ? ನಮ್ಮ ಅಂಗೈಕಿಂತ ಬಿರುಸ ಆಗ್ಯಾವು."

"ಕೇಳಿ ನೋಡ್ತೀನಿ ಸತ್ತೆಪ್ಪಾ."

"ಒಳಗ ಮಣಿ ಮ್ಯಾಲೆ ಇಟ್ಟ ಪೂಜಿ ಮಾಡ್ತಾರಲ್ರಿ, ಆ ಜೋಡ ನಮ್ಮಪ್ಪ ಮಾಡಿದ್ದು. ಹಿರೇ ಸಾಹೇಬರು ನಮ್ಮ ಅಂಗಡಿಗೇ ಬಂದು ಅಳತಿ ಕೊಟ್ಟಿದ್ರು." ಸತ್ತೆಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳಲು ಬಂದಿದ್ದ, ಅಷ್ಟೇ. "ಅದು ಒಳಗ ಇರ್ತೈತಿ. ನನ್ನ ಮಗಳದ ಯಾಕ ಹೊರಗ್ರಿ?"

ಶ್ರೀಪಾಲ ಸರ್ ಚೀಲಗಳನ್ನು ಡ್ರಾವರಿನಲ್ಲಿಟ್ಟರು. ಇವತ್ತು ಚೇರಮನ್ನರು ಗಡಿಬಿಡಿಯಲ್ಲಿದ್ದಾರೆ, ನಾಳೆ ಕೇಳೋಣ. ಮರುದಿನ, ಅವರು ಚಿಕ್ಕೋಡಿಗೆ ಹೋಗ್ಯಾರಂತೆ, ಸೋಮವಾರ ಕೇಳೋಣ. ಹೇಳಿಕೊಳ್ಳಲು ದಿನಕ್ಕೊಂದು ಕಾರಣ ಸಿಗುತ್ತಿತ್ತು. ಚೀಲಗಳು ಡ್ರಾವರಿನಲ್ಲೇ ಉಳಿದವು.

ಸೋಮವಾರವೂ ಬಂತು. ಆವತ್ತು ತಡವಾಗಿ ಬಂದಿದ್ದ ಬಾಬಾಸಾಹೇಬರು ವರ್ಗ ಕೂಡುವ ಹೊತ್ತಿಗೆ ಪೂಜೆ ಮುಗಿಸಿ, ಕೈಯಲ್ಲಿ ಊದಿನಕಡ್ಡಿ ಹಿಡಿದು ತಿರುಗಿದರು. ಶೇವಂತಾ ಆಗ ಹೊಸ್ತಿಲು ದಾಟುತ್ತಿದ್ದಳು. ಅಂಗೈ ಊರಿ, ತಲೆ ತಗ್ಗಿಸಿ, ಫೋಟೋದ ಕಡೆಗೇ ತೆವಳಿಕೊಂಡು. ಬೆಂಚುಗಳು ಆ ಕಡೆಗೇ ಇದ್ದವಲ್ಲ, ಮತ್ತೆ ಯಾವ ಕಡೆ ಬರಬೇಕು? ಚೇರಮನ್ನರು ನಿಂತಲ್ಲೇ ಕರಗಿಹೋದರು. ಊದಿನಕಡ್ಡಿ ಸಮೇತ ಎರಡೂ ಕೈ ಮುಗಿದರು.

"ಏನ ಭಕ್ತೀರಿ ಈ ಹುಡಿಗೀದು! ಕಾಲ ಇದ್ದವರು ನಡಕೊಂಡ ಬರ್ತಾರ, ಈ ಕೂಸು ಅಪ್ಪಾರ ಮುಂದ ದೀಡ ನಮಸ್ಕಾರ ಹಾಕ್ದಂಗ ಬರ್ತೈತಿ. ಉಪಕಾರ ನೆನಸೂದಂದ್ರ ಇದು. ಹೌದಲ್ರಿ ಸರ?"

ಶೇವಂತಾ ತೆವಳುವುದನ್ನು ನಿಲ್ಲಿಸಿದಳು. ನೆಲದಿಂದಲೇ ತಲೆಯೆತ್ತಿ ಶ್ರೀಪಾಲ ಸರ್ ಮುಖ ನೋಡಿದಳು. ಚೇರಮನ್ನರನ್ನಲ್ಲ, ಇವರನ್ನೇ. ಒಂದು ಮಾತು ಸಾಕಿತ್ತು. ಸಾಹೇಬ್ರ, ಭಕ್ತಿ ಅಲ್ಲರಿ, ಬೂಟ ಬಿಡಿಸೀವಿ, ಅದಕ್ಕ. ಅಷ್ಟೇ. ಹುಡುಗರೆಲ್ಲ ನೋಡುತ್ತಿದ್ದರು. ಡ್ರಾವರಿನಲ್ಲಿ ಬಟ್ಟೆಯ ಚೀಲಗಳಿದ್ದವು.

"ಹೌದ್ರಿ," ಎಂದರು ಶ್ರೀಪಾಲ ಸರ್.

ಅವಳು ಕಣ್ಣು ತೆಗೆದಳು. ಬೆಂಚಿಗೆ ಹೋಗಿ ಕೂತಳು. ಹೆಸರು ಕೂಗಿದಾಗ ಹಾಜರಿ ಹೇಳಿದಳು.

ಅಲ್ಲಿಗೆ ಮುಗಿಯಲಿಲ್ಲ. ಬರುವ ವಾರ ಹಿರಿಯ ಸಾಹೇಬರ ಪುಣ್ಯತಿಥಿ. ಚೇರಮನ್ನರಿಗೆ ಒಂದು ವಿಚಾರ ಹೊಳೆದಿತ್ತು. ನಿಪ್ಪಾಣಿಯಿಂದ ಫೋಟೋದವನನ್ನು ಕರೆಸುವುದು, ಆ ಹುಡುಗಿ ಹಾಗೆಯೇ ಬಂದು ಅಪ್ಪಾರ ಚಪ್ಪಲಿಗೆ ಹೂವು ಇಡುವುದು, ಅವಳಿಗೆ ಶಾಲು ಹೊದಿಸಿ ಸತ್ಕಾರ ಮಾಡುವುದು. ಹೇಳಿ ಬರಲು ಯಾರು? ಮತ್ಯಾರು, ಶ್ರೀಪಾಲ ಸರ್.

ಲೇಡೀಸ್ ರೂಮಿನ ಹೊರಗೆ ನಿಂತು ಅವರು ಗೋಡೆ ನೋಡುತ್ತ ಹೇಳಿದರು. ಅವಳು ಆಗ ತಾನೇ ಕ್ಯಾಲಿಪರ್ ಕಟ್ಟಿಕೊಂಡು ಊರುಗೋಲಿನ ಮೇಲೆ ಎದ್ದು ನಿಂತಿದ್ದಳು. ನಿಂತರೆ ಹುಡುಗಿ ಅವರಷ್ಟೇ ಎತ್ತರ ಇದ್ದಳು. ಅದನ್ನು ಅವರು ಅಂದೇ ಗಮನಿಸಿದ್ದು.

"ಆತ್ರಿ ಸರ," ಎಂದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪುಣ್ಯತಿಥಿಗೆ ಫೋಟೋದವನು ಬಂದು ಖಾಲಿ ಕುರ್ಚಿಯ ಫೋಟೋ ಹೊಡೆದುಕೊಂಡು ಹೋದ. ದೀಪಾವಳಿ ಮುಗಿಯುವ ಹೊತ್ತಿಗೆ ಲೆಕ್ಕ ಹಾಕಿದರೆ, ಇನ್ನು ಒಂದು ದಿನವೂ ತಪ್ಪಿಸದೆ ಬಂದರೂ ಅವಳ ಹಾಜರಿ ಎಪ್ಪತ್ತೈದಕ್ಕೆ ಮುಟ್ಟುತ್ತಿರಲಿಲ್ಲ. ವರ್ಗ ಮಾತ್ರ ಹಿರಿಯರ ಖೋಲಿಯಲ್ಲೇ ನಡೆಯಿತು. ಗಾಳಿ ಬೆಳಕು ಚೆನ್ನಾಗಿದೆ ಎಂದು ಉಳಿದ ನಲವತ್ತೇಳು ಮಕ್ಕಳಿಗೂ ಸಂತೋಷವಾಗಿತ್ತು.

ಬೆಳಗಾವಿಯಿಂದ ನೆನಪಿನ ಪತ್ರ ಬಂತು: ವರದಿ ಎಲ್ಲಿ? ಶ್ರೀಪಾಲ ಸರ್ ವರದಿಯನ್ನು ಎರಡು ಸಲ ಬರೆದು ಹರಿದು, ಮೂರನೇ ಸಲ ಬರೆದರು. ನೆಲಮಹಡಿಯಲ್ಲಿ ವರ್ಗದ ವ್ಯವಸ್ಥೆ ಮಾಡಲಾಗಿದೆ, ಅರ್ಜಿದಾರಳಿಗೆ ಸಮಾಧಾನವಾಗಿದೆ, ತಕರಾರು ನಿಕಾಲಿಯಾಗಿದೆ. ಒಂದು ಅಕ್ಷರವೂ ಸುಳ್ಳಲ್ಲ ಎಂದು ಯಾರಾದರೂ ವಾದಿಸಬಹುದಿತ್ತು. ಸಹಿ ಒಂದು ಬೇಕಿತ್ತು. ಮಧ್ಯಾಹ್ನ ಸತ್ತೆಪ್ಪನ ಓಣಿಗೆ ಹೊರಟರು.

ಸತ್ತೆಪ್ಪ ಹೊರಗೆ ಕಟ್ಟೆಯ ಮೇಲೆ ಕೂತು ಚಪ್ಪಲಿಯ ಅಟ್ಟೆ ಕೊಯ್ಯುತ್ತಿದ್ದ. ಬಾಗಿಲ ಒಳಗೆ ಶೇವಂತಾ ನೆಲದ ಮೇಲೆ ಕೂತು, ಚರ್ಮದ ಸಣ್ಣ ಎಳೆಗಳನ್ನು ಚಪ್ಪಲಿಯ ಪಟ್ಟಿಗೆ ಹೆಣೆಯುತ್ತಿದ್ದಳು. ಪಕ್ಕದಲ್ಲಿ ಅವಳ ಅವ್ವ ಸುಂದರಾ ನಡಕ್ಕೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು. ಕ್ಯಾಲಿಪರ್‌ಗಳು ಗೂಟಕ್ಕೆ ನೇತುಬಿದ್ದಿದ್ದವು. ಬೂಟುಗಳಿಗೆ ಎಣ್ಣೆ ಹಚ್ಚಿ ಮಿಂಚಿಸಿದ್ದರು.

ಶ್ರೀಪಾಲ ಸರ್ ರೂಢಿಯ ಪ್ರಕಾರ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟರು. ಶೇವಂತಾ ತಲೆಯೆತ್ತಿ ನೋಡಿದಳು.

"ಹಾಕ್ಕೊಂಡ ಬರ್ರಿ ಸರ. ನಮ್ಮ ಮನ್ಯಾಗ ನಡೀತೈತಿ."

ಮಾತಿನಲ್ಲಿ ಕುಹಕ ಇತ್ತೋ ಇಲ್ಲವೋ, ಸರ್‌ಗೆ ತಿಳಿಯಲಿಲ್ಲ. ಹಾಕಿಕೊಳ್ಳಲೂ ಆಗಲಿಲ್ಲ, ಬಿಟ್ಟು ಒಳಗೆ ಹೋಗಲೂ ಆಗಲಿಲ್ಲ. ಹೊಸ್ತಿಲ ಮೇಲೆಯೇ ಕುಕ್ಕುರುಗಾಲಲ್ಲಿ ಕೂತು ಕಾಗದ ಚಾಚಿದರು. ಅವಳು ಕೈ ಒರೆಸಿಕೊಂಡು ಮೊದಲಿಂದ ಕೊನೆವರೆಗೆ ಓದಿದಳು.

"ಸಮಾಧಾನ ಅನ್ನೂದ್ ಹೊಡದ ಹಾಕ್ಲೇನ್ರಿ?"

"ಹಂಗ ಮಾಡಿದ್ರ... ಮತ್ತ ಬೆಳಗಾವಿಯಿಂದ ಕೇಳ್ತಾರವಾ. ನಾ ಮತ್ತ ಬರಬೇಕಾಗ್ತೈತಿ."

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಆಮೇಲೆ ಪೆನ್ನು ತೆಗೆದುಕೊಂಡು, ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.

"ತಗೋರಿ. ನೀವ್ ಮತ್ತ ಬರೂದ ನನಗ ಬ್ಯಾಡ್ರಿ."

ಶ್ರೀಪಾಲ ಸರ್ ಎದ್ದು ತಿರುಗಿದರೆ ಬಿಟ್ಟಲ್ಲಿ ಚಪ್ಪಲಿಗಳಿರಲಿಲ್ಲ. ಅವು ಸತ್ತೆಪ್ಪನ ಕೈಯಲ್ಲಿದ್ದವು. ಎಡಚಪ್ಪಲಿಯ ಉಂಗುಟದ ಪಟ್ಟಿ ಕಿತ್ತುಬಂದದ್ದನ್ನು ನೋಡಿ, ಯಾರೂ ಹೇಳದಿದ್ದರೂ ಎತ್ತಿಕೊಂಡು ಹೊಲಿಯಲು ಕೂತಿದ್ದ. ಕೊನೆಯ ಹೊಲಿಗೆ ಹಾಕಿ, ದಾರ ಹಲ್ಲಿನಲ್ಲಿ ಕಡಿದು, ಎರಡನ್ನೂ ಒರೆಸಿ ಸರ್ ಕಾಲಿನ ಹತ್ತಿರ ಜೋಡಿಸಿಟ್ಟ.

"ಡ್ರಾವರದಾಗ ಆ ಅರಿವಿ ಚೀಲ ಅದಾವಲ್ರಿ," ಎಂದ ತಲೆ ತಗ್ಗಿಸಿಯೇ. "ಯಾರರೆ ಬರಾಕತ್ತಿದ್ರ ಕೊಟ್ಟ ಕಳಸ್ರಿ. ಸುಮ್ನ ಹಾಳಾಗ್ತಾವು."

ಶ್ರೀಪಾಲ ಸರ್ ಕಾಲು ತೂರಿಸಿದರು. ಹೊಲಿಗೆ ಗಟ್ಟಿಯಾಗಿತ್ತು, ಎಲ್ಲಿಯೂ ಚುಚ್ಚಲಿಲ್ಲ. ಮೂರೂವರೆಗೆ ಕಾಲೇಜು ಮುಟ್ಟಿದರು. ವರದಿ ನಾಲ್ಕು ಗಂಟೆಯ ಟಪಾಲಿಗೆ ಹೋಯಿತು.