ಅಪ್ಪ ಎಣ್ಣೆಯನ್ನು ಬೇರ್ಪಡಿಸುತ್ತಿದ್ದ ಬಗೆ

ಮಗಳು ಮೂರನೆಯ ಕಾಗದವನ್ನೂ ಹರಿದು ಅಡುಗೆಮನೆಯ ಕಸದ ಬುಟ್ಟಿಗೆ ಎಸೆದಳು. ಶವವಾಹನ ಆಗಲೇ ಬಂದು ನಿಂತಿತ್ತು. ಅಪ್ಪನನ್ನು ಕರೆದೊಯ್ಯುವ ಮುಂಚೆ ಅವನ ಬಗ್ಗೆ ನಾಲ್ಕು ಮಾತಾಡಬೇಕಾದವಳು ಅವಳೇ. ಆದರೆ ಮೂವತ್ತು ವರ್ಷ ಅವನು ಪ್ರಯೋಗಾಲಯದಲ್ಲಿ ಏನು ಮಾಡುತ್ತಿದ್ದನೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ನಾಚಿಕೆಯಿಂದ ಮುಖವೆತ್ತಲಾಗುತ್ತಿರಲಿಲ್ಲ.

"ಎಣ್ಣೆ ವ್ಯಾಪಾರ ಅಲ್ವಾ?" ಎಂದಳು ಪಕ್ಕದ ಮನೆಯಾಕೆ.

"ಎಲ್ಲಿಯ ವ್ಯಾಪಾರ? ಮನೆಗೆ ಒಂದು ಬಾಟಲಿ ತಂದವನಲ್ಲ," ಎಂದ ಚಿಕ್ಕಪ್ಪ. "ಮೆಷಿನ್ ರಿಪೇರಿ ಇರಬೇಕು."

ಅಮ್ಮ ಕಣ್ಣೊರೆಸಿಕೊಂಡಳು. "ಎಣ್ಣೆ, ಕೊಬ್ಬು ಬೇರೆ ಬೇರೆ ಮಾಡ್ತಿದ್ರು. ಹೇಗೆ ಅಂತ ಕೇಳಿದ್ರೆ ಊಟ ತಣ್ಣಗಾಗೋವರೆಗೂ ಹೇಳೋರು. ಕೇಳೋದೇ ಬಿಟ್ಟೆ."

*

ಅವಳಿಗೆ ಹತ್ತು ವರ್ಷವಾಗಿದ್ದಾಗ ಅಪ್ಪ ಯಂತ್ರದ ಮುಂದೆ ಕೂರಿಸಿದ್ದ. ದ್ರಾವಕದಲ್ಲಿ ಕರಗಿಸಿದ ಒಂದು ಹನಿ ಎಣ್ಣೆ, ಅದನ್ನು ತಳ್ಳುವ ಪಂಪು, ಗೇಣುದ್ದದ ಉಕ್ಕಿನ ಕೊಳವೆ. ಒಂದೊಂದು ಬಗೆಯ ಕೊಬ್ಬು ಹೊರಬಂದಾಗಲೂ ಪರದೆಯ ಮೇಲೆ ಗೆರೆಯೊಂದು ಏಳುತ್ತಿತ್ತು, ಇಳಿಯುತ್ತಿತ್ತು.

"ಎಲ್ಲಾ ಒಟ್ಟಿಗೇ ಯಾಕೆ ಬರಲ್ಲ ಅಪ್ಪ?"

"ಕೊಳವೆ ಒಳಗಿರೋ ಪುಡಿಗೆ ಅಂಟಿಕೊಳ್ಳೋ ಕೊಬ್ಬು ನಿಧಾನವಾಗಿ ಬರುತ್ತೆ ಪುಟ್ಟಿ. ಅಂಟದೇ ಇರೋದು ಸರ್ರನೆ ಬಂದುಬಿಡುತ್ತೆ."

ಅವಳು ಆಕಳಿಸಿದ್ದಳು.

*

ಹೊರಗೆ ಹಾರ್ನ್ ಕೇಳಿಸಿತು. ಮಗಳು ಬರಿಗೈಯಲ್ಲೇ ಅಪ್ಪನನ್ನು ಮಲಗಿಸಿದ್ದ ನಡುಮನೆಗೆ ಬಂದಳು. ಮುಂಬಾಗಿಲಿನಿಂದ ಅಲ್ಲಿಯವರೆಗಿನ ಉದ್ದನೆಯ ಕಾರಿಡಾರಿನ ಎರಡೂ ಬದಿ ಜನ ಕೂತಿದ್ದರು. ಅಂಚೆಯವನು ಯಾರನ್ನೂ ಮಾತಾಡಿಸದೆ ನೇರವಾಗಿ ಬಂದು ಅಪ್ಪನ ಮುಂದೆ ತಲೆಬಾಗಿದ. ಅವನಿಗಿಂತ ಮೊದಲೇ ಬಾಗಿಲು ದಾಟಿದ್ದ ಅತ್ತೆ, ಅಪ್ಪನ ತಂಗಿ, ಇನ್ನೂ ಅರ್ಧ ದಾರಿಯಲ್ಲಿದ್ದಳು. ಒಬ್ಬರನ್ನು ತಬ್ಬಿಕೊಂಡು ಅಳು, ಇನ್ನೊಬ್ಬರ ಮಂಡಿನೋವಿನ ವಿಚಾರಣೆ, ಮತ್ತೊಬ್ಬರ ಮಗುವಿನ ಕೆನ್ನೆ ಹಿಂಡುವುದು. ನೋಡುತ್ತಿದ್ದ ಮಗಳಿಗೆ ಥಟ್ಟನೆ ಹೊಳೆಯಿತು. ಅಳಬೇಕಾದ ಹೊತ್ತಿನಲ್ಲಿ ಅವಳಿಗೆ ಹೇಳತೀರದ ಖುಷಿಯಾಯಿತು.

"ಅಪ್ಪ ಎಣ್ಣೆನ ಈ ಕಾರಿಡಾರಿನಂಥ ಕೊಳವೆಯಲ್ಲಿ ಕಳಿಸ್ತಿದ್ರು," ಎಂದಳು. "ಅಂಚೆಯಣ್ಣನ ಥರದ ಕೊಬ್ಬು ಮೊದಲು ಬರೋದು. ಅತ್ತೆ ಥರದ್ದು ಕೊನೆಗೆ. ಯಾವುದು ಎಷ್ಟು ಹೊತ್ತಿಗೆ ಬಂತು ಅಂತ ನೋಡಿ, ಎಣ್ಣೆಯಲ್ಲಿ ಏನೇನಿದೆ ಅಂತ ಹೇಳಿಬಿಡೋರು. ಕಲಬೆರಕೆ ಮಾಡಿದವರು ಸಿಕ್ಕಿಬೀಳೋರು."

ಮನೆಯೆಲ್ಲ ನಗು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅತ್ತೆ.

"ಇಷ್ಟೇನಾ?" ಅಮ್ಮ ಅಳುತ್ತಲೇ ನಕ್ಕಳು. "ಹೀಗೆ ಹೇಳಿದ್ದಿದ್ರೆ ನಾನು ಕೇಳಿಸಿಕೊಳ್ತಿರಲಿಲ್ವಾ?"

ಅಪ್ಪನ ಶವಪೆಟ್ಟಿಗೆಯನ್ನು ಎತ್ತಿದರು. ಕಾರಿಡಾರಿನಲ್ಲಿ ಹೆಜ್ಜೆಗೊಂದು ಕೈ ಅದನ್ನು ಮುಟ್ಟಿ ತಡೆಯಿತು. ಹೊತ್ತವರು ನಿಂತು ನಿಂತು ಸಾಗಿದರು. ಚಾಲಕ ಮತ್ತೆ ಹಾರ್ನ್ ಒತ್ತಿದ. ಅತ್ತೆ ಕೂಡ ಅಂಗಳಕ್ಕೆ ಬಂದಾಯಿತು. ಅಪ್ಪ ಇನ್ನೂ ಅರ್ಧ ದಾರಿಯಲ್ಲೇ ಇದ್ದ.